ಹೆಬ್ಬಾತುಗಳ ಬಸ್ಸು

ಮಾರ್ಚ್ 4

ವೆಲ್ಡಾ ದೊಡ್ಡಮ್ಮನ ಮನೆಗೆ ಬಂದು ವಾರವಾಯಿತು. ಅಮ್ಮ ಹೊಸ ಗಂಡನ ಜೊತೆ ಅರಿಜೋನಾಕ್ಕೆ ಹೊರಟಾಗ ನನ್ನನ್ನೂ ಕರೆದಳು. ಬರಬೇಡ ಎಂಬುದು ಆ ದನಿಯಲ್ಲೇ ಇತ್ತು. ಸಾಹಿತ್ಯದ ಪದವಿ ಕೈಯಲ್ಲಿದೆ, ಕೆಲಸ ಇಲ್ಲ. ಎರಡು ಸಂದರ್ಶನಗಳಲ್ಲಿ ಎದುರಿಗಿದ್ದವರು "ಸ್ವಲ್ಪ ಜೋರಾಗಿ ಹೇಳಿ" ಎಂದರು. ಮೂರನೆಯದಕ್ಕೆ ನಾನು ಹೋಗಲಿಲ್ಲ.

ದೊಡ್ಡಮ್ಮನೂ ಅದನ್ನೇ ಹೇಳುತ್ತಾಳೆ, ಅವಳದೇ ರೀತಿಯಲ್ಲಿ.

"ಏನೇ ಮಾರ್ನಿ, ಬಾಯಲ್ಲಿ ಏನಿಟ್ಕೊಂಡಿದೀಯೆ? ಜೀವಮಾನ ಪೂರ್ತಿ ಸ್ಕೂಲ್ ಬಸ್ಸು ಓಡ್ಸಿದೀನಿ. ಹಿಂದಿನ ಸೀಟಲ್ಲಿ ಗುಸುಗುಸು ಅಂದ್ರೂ ನಂಗೆ ಕೇಳಿಸ್ತಿತ್ತು. ನಿಂದು ಕೇಳ್ಸಲ್ಲ."

ಇದು ವನಟೋಕಾ ಕೆರೆ. ಇಂಡಿಯಾನಾದ ಈ ಭಾಗದಲ್ಲಿ ತಾನಾಗಿ ಹುಟ್ಟಿದ ಕೆರೆಗಳಿಲ್ಲ. ಅಮ್ಮ ಚಿಕ್ಕವಳಿದ್ದಾಗ ಒಬ್ಬ ಜಮೀನು ವ್ಯಾಪಾರಿ ಹಳ್ಳಕ್ಕೆ ಅಡ್ಡ ಏರಿ ಕಟ್ಟಿಸಿ, ನೀರು ನಿಂತ ಮೇಲೆ ಸುತ್ತ ನಿವೇಶನ ಮಾಡಿ ಮಾರಿದ. ವನಟೋಕಾ ಎಂದರೆ ಮೂಲನಿವಾಸಿಗಳ ಭಾಷೆಯಲ್ಲಿ ಶಾಂತ ಜಲ ಎಂದು ಗೇಟಿನ ಫಲಕ ಹೇಳುತ್ತದೆ. ಯಾವ ಮೂಲನಿವಾಸಿಗಳು ಎಂದು ಹೇಳುವುದಿಲ್ಲ. ಹುಡುಕಿ ನೋಡಿದೆ. ಅಂಥ ಪದ ಎಲ್ಲೂ ಸಿಗಲಿಲ್ಲ.

ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು ಮಾಲೀಕರ ಸಂಘ. ಮನೆಗೆ ಯಾವ ಬಣ್ಣ, ಹುಲ್ಲು ಎಷ್ಟು ಗಿಡ್ಡ, ಕಸದ ಡಬ್ಬಿ ಯಾವ ದಿನ ರಸ್ತೆಗೆ ಕಾಣಬಹುದು. ಅವರ ಸ್ಟಿಕರ್ ಇಲ್ಲದ ದೋಣಿಯನ್ನು ನೀರಿಗೆ ಇಳಿಸುವಂತಿಲ್ಲ. ನೀರೂ ಅವರದೇ. ಅದರ ತಳದ ಕೆಸರೂ.

ಮಾರ್ಚ್ 11

ಸುತ್ತಲಿನ ಮನೆಗಳೆಲ್ಲ ದಡಕ್ಕೆ ಕಾಂಕ್ರೀಟ್ ಗೋಡೆ ಎಬ್ಬಿಸಿವೆ, ದೋಣಿಗಳ ಅಲೆಗೆ ಮಣ್ಣು ಕೊಚ್ಚಿಹೋಗದಿರಲಿ ಎಂದು. ದೊಡ್ಡಮ್ಮ ಕಟ್ಟಿಸಿಲ್ಲ. ಅವಳ ಹಿತ್ತಿಲ ಹುಲ್ಲು ಇಳಿಜಾರಾಗಿ ಹೋಗಿ ನೀರೊಳಗೆ ಮುಳುಗುತ್ತದೆ. ಹೆಬ್ಬಾತುಗಳು ನಡೆದು ಮೇಲೆ ಬರಲು ಇಡೀ ಕೆರೆಯಲ್ಲಿ ಉಳಿದಿರುವುದು ಎರಡೇ ಜಾಗ. ಒಂದು ಸಂಘದ ಮರಳಿನ ಈಜುದಡ, ಇನ್ನೊಂದು ಇದು. ಹಾಗಾಗಿ ಊರಿನ ಹೆಬ್ಬಾತುಗಳೆಲ್ಲ ದೊಡ್ಡಮ್ಮನ ಕಡೆಯವು.

ಬೆಳಿಗ್ಗೆ ಅವಳು ರಾತ್ರಿಯುಡುಪಿನ ಮೇಲೆ ತೀರಿಹೋದ ರಾಸ್ಕೋ ದೊಡ್ಡಪ್ಪನ ಬೇಟೆಕೋಟು ಹಾಕಿಕೊಂಡು ಇಳಿಯುತ್ತಾಳೆ. ಸೊಂಟದ ನೋವಿಗೆ ಒಂದು ಕಾಲು ಎಳೆಯುತ್ತದೆ. ಕೈಯಲ್ಲಿ ಕಾಫಿಪುಡಿಯ ಹಳೆಯ ತಗಡಿನ ಡಬ್ಬ, ಒಳಗೆ ಜೋಳದ ನುಚ್ಚು. ಡಬ್ಬ ಅಲ್ಲಾಡಿಸಿ ಕೂಗುತ್ತಾಳೆ: "ಬಸ್ ಹೊರಡ್ತು! ಬನ್ರೋ, ಬಸ್ ಹೊರಡ್ತು!"

ಕೆರೆಯ ಮೂಲೆಮೂಲೆಯಿಂದ ಬರುತ್ತವೆ. ಕೆಲವು ಹಾರಿ, ಕೆಲವು ಈಜಿ, ಕಪ್ಪು ಕುತ್ತಿಗೆ ನೆಟ್ಟಗೆ ಮಾಡಿಕೊಂಡು.

"ಏಯ್, ನೂಕ್ಬೇಡ! ಸಾಲಾಗಿ ಬನ್ನಿ! ಹಿಂದಿನ ಸೀಟಿನೋನೇ, ಕತ್ತು ಒಳಗಿಡು! ಜಗಳ ಆಡಿದ್ರೆ ಬಸ್ಸು ಇಲ್ಲೇ ನಿಲ್ಸಿ ನಿಮ್ಮಪ್ಪಂಗೆ ಫೋನ್ ಮಾಡ್ತೀನಿ."

ಬೇರೆಯವು ಕುಕ್ಕಿ ಓಡಿಸುವ ಒಂದು ಹೆಣ್ಣು ಹೆಬ್ಬಾತು ಇದೆ. ಅದು ದೊಡ್ಡಮ್ಮನ ಬೂಟಿನ ಪಕ್ಕದಲ್ಲೇ ನಿಂತು ತಿನ್ನುತ್ತದೆ. ಅದಕ್ಕೆ ಮುಂದಿನ ಸೀಟಿನವಳು ಎಂದು ಹೆಸರು.

"ಯಾಕೆ ಆ ಹೆಸರು?" ಎಂದು ಕೇಳಿದೆ.

"ಬಸ್ಸಲ್ಲಿ ಏಟು ತಿನ್ನೋ ಮಗು ಯಾವಾಗ್ಲೂ ಮುಂದಿನ ಸೀಟಲ್ಲೇ ಕೂರೋದು. ಡ್ರೈವರ್ ಹತ್ರ ಇದ್ರೆ ಯಾರೂ ಮುಟ್ಟಲ್ಲ ಅಂತ." ಆಮೇಲೆ ನನ್ನನ್ನು ನೋಡಿ, "ನೀನೂ ಮುಂದಿನ ಸೀಟಿನೋಳೇ ಬಿಡು," ಎಂದಳು.

ಹಿತ್ತಿಲ ತುಂಬ ಹಸಿರು ಹಿಕ್ಕೆ. ಅದನ್ನೂ ಬರೆದಿಡಬೇಕು. ಬರಿಗಾಲಲ್ಲಿ ಹೆಜ್ಜೆ ಇಡಲು ಜಾಗವಿಲ್ಲ.

ಮಾರ್ಚ್ 19

ನನಗೆ ಕೆಲಸ ಸಿಕ್ಕಿತು, ಸಂಘದ ಕಚೇರಿಯಲ್ಲಿ! ಅರ್ಧ ದಿನದ್ದು. ಸುದ್ದಿಪತ್ರ ಬರೆಯುವುದು, ಸಭೆಯ ನಡಾವಳಿ ಬರೆಯುವುದು, ನಿಯಮ ಮುರಿದವರಿಗೆ ದಂಡದ ನೋಟಿಸು ಬರೆಯುವುದು. ಕರೆದುಕೊಂಡು ಹೋದದ್ದು ದೊಡ್ಡಮ್ಮನೇ. "ನನ್ನ ಹತ್ರ ಕಿತ್ಕೊಂಡ ದಂಡದಲ್ಲಿ ಸ್ವಲ್ಪ ನಿಂಗಾದ್ರೂ ಬರ್ಲಿ," ಎಂದು ಎಲ್ಲರ ಎದುರೇ ಹೇಳಿದಳು. ನೆಲ ನೋಡುತ್ತ ನಿಂತಿದ್ದೆ.

ಅಧ್ಯಕ್ಷರು ಲಾಯ್ಡ್ ಸಟ್ಫಿನ್. ಓರೆ ಹಲ್ಲುಗಳನ್ನು ನೇರ ಮಾಡುವ ವೈದ್ಯರಾಗಿದ್ದು ಈಗ ನಿವೃತ್ತರು. ದೊಡ್ಡಮ್ಮ ಅವರನ್ನು ಹಲ್ಲಪ್ಪ ಎನ್ನುತ್ತಾಳೆ. ಅವರು ಮಾತು ಕೇಳುವಾಗ ಮುಂದಕ್ಕೆ ಬಾಗುತ್ತಾರೆ. ಇನ್ನೂ ಜೋರಾಗಿ ಎಂದು ಒಮ್ಮೆಯೂ ಹೇಳಲಿಲ್ಲ.

ಇಲ್ಲಿನವರ ಭಾಷೆ ನೋಡಿ ನಗು ಬಂತು. ಹಳೆಯ ನೋಟಿಸೊಂದರಲ್ಲಿ "ತಮ್ಮ ಹೂಕುಂಡದ ನೀಲಿ ಬಣ್ಣವು ಸಮುದಾಯದ ಸಾಮರಸ್ಯಕ್ಕೆ ಧಕ್ಕೆ ತಂದಿದೆ" ಎಂದಿದೆ. ಕಾದಂಬರಿ ಬರೆಯುವ ದಿನ ಬಂದರೆ ಇದನ್ನು ಹಾಗೇ ಎತ್ತಿಕೊಳ್ಳುತ್ತೇನೆ.

ಮಾರ್ಚ್ 20

ಕಚೇರಿಯಲ್ಲಿ ನನ್ನ ಹೆಸರು "ವೆಲ್ಡಾ ಮನೆ ಹುಡುಗಿ."

ಏಪ್ರಿಲ್ 6

ಹೆಬ್ಬಾತು ಹೆಚ್ಚದಂತೆ ನೋಡುವ ಸಂಘದ ಮೊಟ್ಟೆ ತಂಡದ ಜೊತೆ ಇಂದು ಹೋಗಿದ್ದೆ, ಸುದ್ದಿಪತ್ರಕ್ಕೆ ಬರೆಯಲು. ಸಟ್ಫಿನ್ ಅವರ ಚಪ್ಪಟೆ ದೋಣಿ. ಜೊತೆಗೆ ದೊಡ್ಡಮ್ಮನ ಪಕ್ಕದ ಮನೆಯ ಹಾಲಿಸ್ ಬೀಮನ್. ಒಂದು ಬಕೆಟ್ ನೀರು, ಒಂದು ಬಾಟಲಿ ಜೋಳದ ಎಣ್ಣೆ, ದೊಡ್ಡದೊಂದು ಛತ್ರಿ. ಮೇಲೆರಗುವ ಗಂಡು ಹೆಬ್ಬಾತಿಗೆ ಛತ್ರಿ ಬಿಚ್ಚಿ ಅಡ್ಡ ಹಿಡಿಯುವುದು ನನ್ನ ಪಾಲು.

ಗೂಡಿನ ಮೊಟ್ಟೆಯನ್ನು ಮೊದಲು ನೀರಿನಲ್ಲಿ ಬಿಡುತ್ತಾರೆ. ತೇಲಿದರೆ ಒಳಗೆ ಮರಿ ಬಲಿತಿದೆ ಎಂದರ್ಥ, ಅದನ್ನು ಮುಟ್ಟುವಂತಿಲ್ಲ. ಮುಳುಗಿದರೆ ಒರೆಸಿ, ಎಣ್ಣೆ ಸವರಿ, ಇದ್ದಲ್ಲೇ ಇಡುತ್ತಾರೆ. ಎಣ್ಣೆಯಿಂದ ಚಿಪ್ಪಿನ ಉಸಿರು ಕಟ್ಟುತ್ತದೆ, ಒಳಗೆ ಮರಿ ಬೆಳೆಯುವುದಿಲ್ಲ. ಮೊಟ್ಟೆ ಕಿತ್ತುಕೊಂಡರೆ ತಾಯಿ ಇನ್ನೊಮ್ಮೆ ಇಡುತ್ತದೆ. ಹೀಗೆ ಮಾಡಿದರೆ ಗೊತ್ತಾಗದೆ ಕಾವು ಕೊಡುತ್ತಾ ಕೂತಿರುತ್ತದೆ.

"ಎಷ್ಟು ದಿನ ಕೂತಿರುತ್ತೆ?" ಎಂದು ಕೇಳಿದೆ.

"ಮೇ ತನಕ, ಅದ್ಕಿಂತ ಜಾಸ್ತೀನೂ ಇರ್ಬೋದು," ಎಂದರು ಹಾಲಿಸ್. "ನನ್ನ ಎರಡನೇ ಹೆಂಡ್ತಿ ಥರ. ಏನೂ ಆಗಲ್ಲ ಅಂತ ಗೊತ್ತಾಗಕ್ಕೆ ಟೈಮ್ ಬೇಕು."

ಸಟ್ಫಿನ್ ನಗಲಿಲ್ಲ. "ಇದರಿಂದ ಯಾವುದಕ್ಕೂ ನೋವಾಗಲ್ಲ ಮಾರ್ನಿ," ಎಂದರು. ಅವರು ನನ್ನ ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಎಣ್ಣೆಯಲ್ಲಿ ಅದ್ದಿದ ಕೈಗವಸಿನಿಂದ ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ಸವರುತ್ತಿದ್ದರು, ಮಗುವಿನ ತಲೆಗೆ ಹಚ್ಚಿದ ಹಾಗೆ. ನೋಡಲಾಗಲಿಲ್ಲ. ಛತ್ರಿಯ ಬಟ್ಟೆ ನೋಡುತ್ತಿದ್ದೆ.

ದೊಡ್ಡಮ್ಮನ ಹಿತ್ತಿಲ ಮೂಲೆಯಲ್ಲಿ ದೊಡ್ಡಪ್ಪನ ಕಾಲದ ಪುಟ್ಟ ದೋಣಿಯೊಂದು ಬೋರಲು ಬಿದ್ದಿದೆ. ಅದರಡಿ ಮುಂದಿನ ಸೀಟಿನವಳ ಗೂಡಿದೆ. ನಾವು ದಡಕ್ಕೆ ಹತ್ತದೆ ನೀರಿನಲ್ಲೇ ನಿಂತು ನೋಡುವಾಗ ಅದರ ಸಂದಿನಿಂದ ಕಪ್ಪು ಕೊಕ್ಕು ಕಾಣುತ್ತಿತ್ತು. ನಾನು ಅದಕ್ಕೆ ಬೆನ್ನು ಕೊಟ್ಟು ನಿಂತೆ.

"ಇಲ್ಲೇನೂ ಇಲ್ಲ," ಎಂದೆ. ಅವರಿಗೆ ಕೇಳಿಸಿತು.

ಏಪ್ರಿಲ್ 9

ದೋಣಿಯಡಿಯ ಗೂಡನ್ನು ಅವರಿಗೆ ತೋರಿಸಲಿಲ್ಲ ಎಂದು ದೊಡ್ಡಮ್ಮನಿಗೆ ಹೇಳಿದೆ.  ಸಂಜೆ ಊಟಕ್ಕೆ ಪೇಟೆಯಿಂದ ಹಂದಿಮಾಂಸದ ಟೆಂಡರ್‌ಲಾಯ್ನ್ ತಂದಳು, ಬನ್ನಿನ ಎರಡು ಪಟ್ಟು ಅಗಲದ್ದು, ನನ್ನ ಇಷ್ಟದ್ದು. ಇಸ್ಪೀಟು ಹಾಕಿ ಯೂಕರ್ ಆಡಿದೆವು. ಬೇಕೆಂದೇ ನನಗೆ ಸೋತಳು.

ಏಪ್ರಿಲ್ 27

ಸಂಘದ ವಸಂತ ಸಭೆ. ಕ್ಲಬ್ಬಿನ ಸಭಾಂಗಣದಲ್ಲಿ ಶುಕ್ರವಾರದ ಕರಿದ ಮೀನಿನ ವಾಸನೆ ಇನ್ನೂ ಹೋಗಿರಲಿಲ್ಲ. ನಾನು ಮೂಲೆಯ ಮೇಜಿನಲ್ಲಿ ನಡಾವಳಿ ಬರೆಯುತ್ತಿದ್ದೆ. ವಿಷಯ ಹೆಬ್ಬಾತು. ಜೂನಿನಲ್ಲಿ ಅವುಗಳ ರೆಕ್ಕೆಯ ಗರಿ ಉದುರಿ ಹೊಸದು ಬರುವ ತನಕ ಹಾರಲಾಗುವುದಿಲ್ಲ. ಆಗ ಗುತ್ತಿಗೆಯವರನ್ನು ಕರೆಸಿ ಎಲ್ಲವನ್ನೂ ಬೇಲಿಯೊಳಗೆ ಹೊಡೆದು ಲಾರಿಯಲ್ಲಿ ಸಾಗಿಸುವುದೆಂದು ಸಟ್ಫಿನ್ ವಿವರಿಸಿದರು. ಸ್ಥಳಾಂತರ ಎಂಬ ಪದ ಬಳಸಿದರು.

ದೊಡ್ಡಮ್ಮ ಮುಂದಿನ ಕುರ್ಚಿ ಹಿಡಿದುಕೊಂಡು ಎದ್ದಳು.

"ಈ ಹೆಬ್ಬಾತುಗಳನ್ನ ಇಲ್ಲಿಗೆ ತಂದೋರು ಯಾರು? ಕೆರೆ ಕಟ್ಟಿದ ವರ್ಷ ನೀರು ಬರೀ ಚರಂಡಿ ಥರ ಕಾಣ್ತಿತ್ತು. ಜಾಹೀರಾತಿನ ಫೋಟೋಗೆ ಬೇಕು ಅಂತ ರೆಕ್ಕೆ ತುದಿ ಕತ್ತರ್ಸಿ ತಂದು ಬಿಟ್ರು. ಹಾರ್ಕೊಂಡ್ ಹೋಗ್ಬಾರ್ದು ಅಂತ! ನೀವೆಲ್ಲ ಆ ಫೋಟೋ ನೋಡೇ ಸೈಟು ತಗೊಂಡಿದ್ದು. ಈಗ ಹೋಗ್ತಿಲ್ಲ ಅಂತ ಲಾರಿ ಕರೆಸ್ತೀರಾ?"

"ವೆಲ್ಡಾ, ನಿನ್ನ ಮಕ್ಳು ನನ್ನ ದೋಣಿ ತುಂಬ ಹೇತಿದಾವೆ," ಎಂದರು ಹಾಲಿಸ್. ಸಭೆಯೆಲ್ಲ ನಕ್ಕಿತು.

"ನಿನ್ನ ಮಕ್ಳು ನನ್ನ ಬಸ್ಸು ತುಂಬ ವಾಂತಿ ಮಾಡಿದ್ವು ಹಾಲಿಸ್. ನಾನು ಅವನ್ನ ಲಾರಿಗೆ ತುಂಬ್ಲಿಲ್ಲ."

ಇನ್ನೂ ಜೋರಾಗಿ ನಕ್ಕರು. ನಗುನಗುತ್ತಲೇ ಕೈ ಎತ್ತಿದರು. ನಿರ್ಣಯ ಗೆದ್ದಿತು. ನಗುವವರು ನಮ್ಮ ಕಡೆ ಇದ್ದಾರೆ ಎಂದು ಒಂದು ಗಳಿಗೆ ನಾನೂ ನಂಬಿದ್ದೆ.

ನಡಾವಳಿಯಲ್ಲಿ ದೊಡ್ಡಮ್ಮನ ಮಾತನ್ನು ಪೂರ್ತಿ ಬರೆದಿದ್ದೆ. ಸಟ್ಫಿನ್ ಪಕ್ಕದಲ್ಲಿ ಕೂತು ಓದಿ, "ಚೆನ್ನಾಗಿ ಹಿಡಿದಿದೀಯ. ಆದ್ರೆ ಇದು ನಾಟಕ ಆಯ್ತು, ನಡಾವಳಿ ಅಲ್ಲ," ಎಂದರು. ಸರಿಯೇ ಅನ್ನಿಸಿತು. "ಒಬ್ಬ ಸದಸ್ಯೆ ಕೆರೆಯ ಇತಿಹಾಸವನ್ನು ನೆನಪಿಸಿದರು" ಎಂದು ತಿದ್ದಿದೆ. ಅಡಕವಾಗಿದೆ.

ಮೇ 5

ದೋಣಿಯಡಿ ಮೊಟ್ಟೆ ಒಡೆದು ಮರಿಗಳು ಬಂದಿವೆ. ಹಳದಿ ಉಂಡೆಗಳು. ದೊಡ್ಡಮ್ಮ ಹುಲ್ಲಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ನೋಡಿದಳು. ಏಳಿಸಲು ನಾನು ಹೋಗಬೇಕಾಯಿತು.

ಉಳಿದ ಗೂಡುಗಳಲ್ಲಿ ತಾಯಿ ಹಕ್ಕಿಗಳು ಇನ್ನೂ ಕೂತಿವೆ. ಕಚೇರಿಗೆ ನಡೆದುಹೋಗುವ ದಾರಿಯಲ್ಲೇ ಒಂದಿದೆ. ಈಗ ಏರಿಯ ಹಿಂದಿನ ರಸ್ತೆಯಿಂದ ಹೋಗುತ್ತೇನೆ. ಸ್ವಲ್ಪ ಸುತ್ತು, ಆದರೆ ನೆರಳಿದೆ.

ಮೇ 16

ದೊಡ್ಡಮ್ಮನ ಸೊಂಟದ ಆಪರೇಷನ್ ಮುಗಿಯಿತು. ಪೇಟೆಯ ಆರೈಕೆ ಕೇಂದ್ರದಲ್ಲಿ ತಿಂಗಳ ಮೇಲೆ ಇರಬೇಕು. ಹೋಗುವ ಮುಂಚೆ ತಗಡಿನ ಡಬ್ಬ ನನ್ನ ಕೈಗಿಟ್ಟಳು.

"ದಿನಾ ಹಾಕು. ಈ ಸಲ ಗರಿ ಉದುರೋ ಕಾಲದಲ್ಲಿ ಹಿತ್ಲು ಬಿಟ್ಟು ಕದಲದ ಹಾಗೆ ನೋಡ್ಕೋ. ನನ್ನ ಹಿತ್ಲಿಗೆ ನನ್ನ ಒಪ್ಪಿಗೆ ಇಲ್ದೆ ಹಲ್ಲಪ್ಪ ಕಾಲಿಡೋ ಹಾಗಿಲ್ಲ. ಇಲ್ಲಿದ್ರೆ ಬಚಾವು. ಗೊತ್ತಾಯ್ತಾ?"

"ಗೊತ್ತಾಯ್ತು."

"ಕೇಳಿಸ್ಲಿಲ್ಲ."

"ಗೊತ್ತಾಯ್ತು ದೊಡ್ಡಮ್ಮ!"

ಮೇ 18

ಬರಲಿಲ್ಲ. ಡಬ್ಬ ಅಲ್ಲಾಡಿಸಿದೆ, ಅವಳ ಮಾತನ್ನೇ ಹೇಳಿದೆ. ನಡುನೀರಿನಲ್ಲಿ ತಲೆ ತಿರುಗಿಸಿ ನೋಡಿ ಸುಮ್ಮನಾದವು. ಗಂಟಲಿನಿಂದ ದನಿ ಹೊರಡುವುದೇ ಇಲ್ಲ. ಹಾಲಿಸ್ ತಮ್ಮ ಜಗಲಿಯಿಂದ ನೋಡುತ್ತಿದ್ದರು.

ಮೇ 24

ಬಂದವು! ಮಳೆ ಬರುತ್ತಿತ್ತು, ಯಾರೂ ಹೊರಗಿರಲಿಲ್ಲ. ನೀರಿನ ಅಂಚಿಗೆ ಹೋಗಿ ಕಣ್ಣು ಮುಚ್ಚಿ ಕೂಗಿದೆ. ನನ್ನೊಳಗಿಂದ ಅಷ್ಟು ದೊಡ್ಡ ಸದ್ದು ಬಂದದ್ದು ಹುಟ್ಟಿದ ಮೇಲೆ ಇದೇ ಮೊದಲಿರಬೇಕು. ಕಣ್ಣು ಬಿಟ್ಟಾಗ ನೀರೆಲ್ಲ ಕಪ್ಪು ಕುತ್ತಿಗೆಗಳು, ಎಲ್ಲ ನನ್ನ ಕಡೆಗೆ. ಮುಂದಿನ ಸೀಟಿನವಳು ಮರಿಗಳನ್ನು ಹಿಂದಿಟ್ಟುಕೊಂಡು ಬಂದು ನನ್ನ ಬೂಟಿನ ಪಕ್ಕ ನಿಂತಳು.

ಅರ್ಧ ಗಂಟೆ ಅಲ್ಲೇ ನೆನೆಯುತ್ತ ನಿಂತಿದ್ದೆ.

ಜೂನ್ 3

ಸಟ್ಫಿನ್ ಗಾಲ್ಫ್ ಗಾಡಿಯಲ್ಲಿ ಬಂದಾಗ ನಾನು ಕಾಳು ಹಾಕುತ್ತಿದ್ದೆ. ಅವರು ರಸ್ತೆಯಲ್ಲೇ ನಿಂತು ಪೂರ್ತಿ ನೋಡಿದರು. ಒಪ್ಪಿಗೆ ಇಲ್ಲದೆ ಹುಲ್ಲಿನ ಮೇಲೆ ಕಾಲಿಡಲಿಲ್ಲ. ದೊಡ್ಡಮ್ಮ ಅಂದುಕೊಂಡಷ್ಟು ಕೆಟ್ಟವರಲ್ಲ.

"ಮಾರ್ನಿ, ನಿನ್ನ ದನಿ ಇಷ್ಟು ಚೆನ್ನಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದರು.

ಗಾಡಿಯಲ್ಲೇ ಕಚೇರಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಎರಡು ಮನೆಯವರು ನನಗೂ ಕೈ ಬೀಸಿದರು. ಮುಂದಿನ ತಿಂಗಳಿಂದ ಪೂರ್ತಿ ದಿನದ ಕೆಲಸ ಮಾಡಬಹುದೆಂದರು, ಆರೋಗ್ಯ ವಿಮೆ ಸಹಿತ. ನನ್ನ ನೋಟಿಸುಗಳನ್ನು ಓದಿದವರು ಈಗ ಜಗಳಕ್ಕೆ ಬರುವುದಿಲ್ಲವಂತೆ. "ಜನ ಸುಮ್ಮನೆ ಒಪ್ಕೋತಾರೆ. ಅದು ನಿನ್ನ ವಾಕ್ಯದ ಗುಣ." ಇಡೀ ದಿನ ಆ ಮಾತು ತಲೆಯಲ್ಲಿತ್ತು. ನಾಲ್ಕು ವರ್ಷ ಓದುವಾಗ ಯಾವ ಮೇಷ್ಟ್ರೂ ನನಗೆ ಹಾಗೆ ಹೇಳಿರಲಿಲ್ಲ.

ಇಳಿಯುವಾಗ ಕೇಳಿದರು: "ಅವು ನೀನು ಎಲ್ಲಿ ನಿಂತು ಕರೆದ್ರೂ ಬರ್ತಾವಾ?"

ಗೊತ್ತಿಲ್ಲ ಎಂದೆ.

ಜೂನ್ 7

ಬರುತ್ತವೆ. ಸುಮ್ಮನೆ, ತಿಳಿದುಕೊಳ್ಳಲೆಂದು, ಈಜುದಡದ ತನಕ ಡಬ್ಬ ಅಲ್ಲಾಡಿಸುತ್ತಾ ನಡೆದು ಹೋಗಿದ್ದೆ. ದಡದ ಉದ್ದಕ್ಕೂ ನನ್ನ ಜೊತೆಜೊತೆಗೇ ಈಜಿಕೊಂಡು ಬಂದವು. ರೆಕ್ಕೆಯ ಗರಿ ಉದುರಿ ಮೋಟಾಗಿವೆ. ಹಾರಲು ನೋಡಿ ಬೀಳುತ್ತವೆ.

ಜೂನ್ 12

ಗುತ್ತಿಗೆದಾರಳು ಜಾಗ ನೋಡಲು ಬಂದಿದ್ದಳು. ಬಿಸಿಲಿಗೆ ಕಂದಿದ ಮುಖ, ಕಡಿಮೆ ಮಾತು. ಯಾವ ಜೌಗಿಗೆ ಕೊಂಡೊಯ್ಯುತ್ತೀರಿ ಎಂದು ಕೇಳಿದೆ. ನನ್ನನ್ನೂ ಸಟ್ಫಿನ್ ಅವರನ್ನೂ ಒಮ್ಮೆ ನೋಡಿದಳು.

"ಯಾರಿಗೂ ಬೇಡ ಕಣಮ್ಮ. ಎಲ್ಲಾ ಕಡೆ ತುಂಬಿ ಹೋಗಿದಾವೆ. ಇವು ಮಾಂಸ ಮಾಡೋ ಕಡೆ ಹೋಗ್ತಾವೆ. ಮಾಂಸ ಚರ್ಚಿನೋರು ಬಡವ್ರಿಗೆ ಹಂಚ್ತಾರೆ. ದಂಡ ಆಗಲ್ಲ."

ಅವಳು ಹೋದ ಮೇಲೆ, ಸುದ್ದಿಪತ್ರದಲ್ಲಿ ಸ್ಥಳಾಂತರ ಎಂದು ಬರೆದಿದ್ದೇನೆ, ತಿದ್ದಬೇಕೇ ಎಂದು ಸಟ್ಫಿನ್ ಅವರನ್ನು ಕೇಳಿದೆ. 

"ಇಲ್ಲಿಂದ ಇನ್ನೊಂದು ಜಾಗಕ್ಕೆ ಹೋಗ್ತಾವಲ್ಲ?" ಎಂದರು ಮೆಲ್ಲಗೆ. ಆಮೇಲೆ ಮುಂದಕ್ಕೆ ಬಾಗಿ, "ಕೇಳು. ಹೋದ ವರ್ಷ ಪಕ್ಕದ ಕೆರೇಲಿ ದೋಣಿಯಲ್ಲಿ ಅಟ್ಟಿಸ್ಕೊಂಡು ಹಿಡಿದ್ರು. ಗಾಬರೀಲಿ ಒಂದರ ಮೇಲೊಂದು ಬಿದ್ದು ಮರಿಗಳ ಕಾಲು ಮುರೀತು. ನಾವು ಹಾಗೆ ಮಾಡೋದು ಬೇಡ ಅಂತ ನನ್ನಾಸೆ. ನೀನು ಕರೆದ್ರೆ ಹೆದರಲ್ಲ. ಬಲವಂತ ಇಲ್ಲ. ನಿನ್ನಿಷ್ಟ."

ಜೂನ್ 14

ದೊಡ್ಡಮ್ಮ ಫೋನ್ ಮಾಡಿದ್ದಳು. ದಿನವೂ ಮಾಡುತ್ತಾಳೆ, ಕೇಳುವುದು ಒಂದನ್ನೇ.

"ಎಲ್ಲಾ ಹತ್ತಿದ್ವಾ?"

"ಹತ್ತಿದ್ವು."

"ಮುಂದಿನ ಸೀಟಿನೋಳು?"

"ಮರಿಗಳ ಜೊತೆ ಬಂದಿತ್ತು."

"ಇಲ್ಲಿ ಊಟ ರಟ್ಟು ತಿಂದ ಹಾಗಿದೆ. ಪಕ್ಕದ ಹಾಸಿಗೆ ಮುದುಕಿ ಯೂಕರಲ್ಲಿ ಮೋಸ ಮಾಡ್ತಾಳೆ." ಆಮೇಲೆ ಹೇಳಿದಳು: "ನಿನ್ನ ದನಿ ಈಗ ಚೆನ್ನಾಗಿ ಕೇಳಿಸ್ತಿದೆ ಕಣೆ."

ಯೋಚಿಸಿದೆ. ನಾನು ಕರೆಯದಿದ್ದರೂ ಅವು ಹೋಗುವುದು ಹೋಗುವುದೇ. ಹಿತ್ತಿಲಲ್ಲೇ ಸದಾ ಇರುತ್ತವೆಯೇ? ನೀರಿಗೆ ಇಳಿದೇ ಇಳಿಯುತ್ತವೆ. ಆಗ ದೋಣಿಗಳಲ್ಲಿ ಅಟ್ಟುತ್ತಾರೆ. ನೋಟಿಸು ಬರೆಯುವಾಗಲೂ ಅಷ್ಟೇ: ಬರುವುದು ಬಂದೇ ಬರುತ್ತದೆ, ಅದನ್ನು ಗಾಯವಾಗದ ಹಾಗೆ ಹೇಳುವುದು ನನಗೆ ಬರುತ್ತದೆ. ಇದೂ ಒಂದು ಬಗೆಯ ಕಾಳಜಿ. ದೊಡ್ಡಮ್ಮನಿಗೆ ನಿಧಾನವಾಗಿ ಅರ್ಥವಾದೀತು.

ಜೂನ್ 19

ಬೆಳಗಿನ ತಂಪು. ನಮ್ಮ ಈಜುದಡದಲ್ಲಿ ಬಲೆಯ ಬೇಲಿಯನ್ನು ಎರಡು ತೋಳಿನಂತೆ ನೀರಿನ ತನಕ ಚಾಚಿದ್ದರು. ಹಿಂದುಗಡೆ ಅದು ಕಿರಿದಾಗಿ ಒಂದು ದೊಡ್ಡಿ. ಲಾರಿ ಮರಗಳ ಮರೆಯಲ್ಲಿತ್ತು. ಸಂಘದ ಮಂಡಳಿಯವರೆಲ್ಲ ದೂರದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ಯಾರೂ ಮಾತಾಡಬಾರದೆಂದು ಹೇಳಿದ್ದು ನಾನು. ಯಾರೂ ಮಾತಾಡಲಿಲ್ಲ.

ಹಿತ್ತಿಲಿಂದ ಡಬ್ಬ ಅಲ್ಲಾಡಿಸುತ್ತಾ ದಡ ಹಿಡಿದು ನಡೆದೆ. ಹಿಂದೆ ನೀರು ಸೀಳುವ ಸದ್ದು. ಈಜುದಡದ ಮರಳಿನ ಮೇಲೆ ನಿಂತು ತಿರುಗಿದೆ.

"ಬಸ್ ಹೊರಡ್ತು! ಬನ್ರೋ, ಬಸ್ ಹೊರಡ್ತು!"

ಸಾಲಾಗಿ ಹತ್ತಿ ಬಂದವು. ನೂಕಾಡಲಿಲ್ಲ. ನಾನು ಬೇಲಿಯ ನಡುವೆ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಕಾಳು ಚೆಲ್ಲುತ್ತಾ ದೊಡ್ಡಿಯ ಒಳಗೆ ಹೋದೆ. ಅವೂ ಬಂದವು. ಗುತ್ತಿಗೆದಾರಳು ಹಿಂದಿನ ಪುಟ್ಟ ಬಾಗಿಲು ತೆರೆದು ಹಿಡಿದಿದ್ದಳು. ನಾನು ಅದರಿಂದ ಹೊರಗೆ ಬಂದೆ.

ಮುಂದಿನ ಸೀಟಿನವಳು ಜನರನ್ನು ಕಂಡು ಬೇಲಿಯ ಹೊರಗೇ ನಿಂತಿದ್ದಳು, ಮರಿಗಳು ಸುತ್ತ. ದೊಡ್ಡಿಯ ಬಾಗಿಲು ಹಾಕಿಯಾಗಿತ್ತು. ನನ್ನನ್ನು ನೋಡಿ ನಡೆದು ಬಂದು ಬೂಟಿನ ಪಕ್ಕ ನಿಂತಳು. ಗುತ್ತಿಗೆದಾರಳು ನನ್ನ ಮುಖ ನೋಡಿದಳು. ಬೇಡ ಎಂದಿದ್ದರೆ ಅವಳು ಬಿಟ್ಟುಬಿಡುತ್ತಿದ್ದಳೇನೋ. ಒಂದನ್ನು ಬಿಟ್ಟರೆ ಮುಂದಿನ ವರ್ಷ ಮತ್ತೆ ಇದೇ ಆಗುತ್ತಿತ್ತು. ನಾನು ಹಾಗೇ ನಿಂತಿದ್ದೆ. ಅಷ್ಟೇ ಬೇಕಾಗಿದ್ದದ್ದು. ಅವಳು ಬಾಗಿ ಎರಡು ರೆಕ್ಕೆ ಒತ್ತಿ ಎತ್ತಿಕೊಂಡಳು. ಮರಿಗಳು ತಾವಾಗಿ ಹಿಂದೆ ಹೋದವು.

ಯಾವುದಕ್ಕೂ ಗಾಯವಾಗಲಿಲ್ಲ. ಇಷ್ಟು ಸಲೀಸಾಗಿ ಎಲ್ಲೂ ಆಗಿಲ್ಲ ಎಂದಳಂತೆ ಗುತ್ತಿಗೆದಾರಳು. ಮಂಡಳಿಯವರು ಒಬ್ಬೊಬ್ಬರಾಗಿ ಬಂದು ಕೈ ಕುಲುಕಿದರು.

ಮಧ್ಯಾಹ್ನ ಡಬ್ಬ ತೊಳೆದಿಟ್ಟೆ.

ಜೂನ್ 20

ದೊಡ್ಡಮ್ಮನ ಫೋನು. ಎಲ್ಲಾ ಹತ್ತಿದವು ಎಂದೆ.

ಜುಲೈ 4

ಸ್ವಾತಂತ್ರ್ಯ ದಿನದ ದೋಣಿ ಮೆರವಣಿಗೆ. ನಾನು ಅಧ್ಯಕ್ಷರ ದೋಣಿಯಲ್ಲಿದ್ದೆ, ಕೆಂಪು ನೀಲಿ ತೋರಣದ ನಡುವೆ. ದೋಣಿಕಟ್ಟೆಗಳ ಮೇಲಿಂದ ಜನ ಕೂಗಿದರು, "ಮಾರ್ನಿ! ಏ ಮಾರ್ನಿ!" ಎಂದು. ನಾನೂ ಕೂಗಿದೆ. ಈಜುದಡದ ಮರಳು ಹಿಕ್ಕೆಯಿಲ್ಲದೆ ಬೆಳ್ಳಗಿತ್ತು, ಅಂಬೆಗಾಲಿನ ಮಕ್ಕಳು ಆಡುತ್ತಿದ್ದವು. ದಡಕ್ಕೆ ಇಳಿದಾಗ ಒಬ್ಬ ತಾಯಿ ನನ್ನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡು ಥ್ಯಾಂಕ್ಸ್ ಹೇಳಿದಳು. ಇದನ್ನು ಯಾರೂ ಸುಳ್ಳು ಎನ್ನಲಾರರು.

ಏರಿಯ ಬದಿಯಲ್ಲಿ ಹಳೆಯ ಗೂಡೊಂದು ಇನ್ನೂ ಇತ್ತು, ಮೊಟ್ಟೆಗಳ ಸಹಿತ. ವಾಸನೆ ಬರುತ್ತಿತ್ತು. ತೆಗೆಸಲು ಹೇಳಿದ್ದೇನೆ.

ಜುಲೈ 9

ದೊಡ್ಡಮ್ಮ ಬಂದಳು. ನಾಲ್ಕು ಕಾಲಿನ ಊರುಗೋಲು ಹಿಡಿದು, ಒಳಗೂ ಬಾರದೆ ನೇರ ಹಿತ್ತಿಲಿಗೆ ಹೋದಳು. ಹುಲ್ಲು ಚೊಕ್ಕಟವಾಗಿತ್ತು. ತುಂಬ ಹೊತ್ತು ನೀರು ನೋಡಿದಳು.

"ಎಲ್ಲೇ?"

"ಸಂಘದವರು ಬಂದಿದ್ರು ದೊಡ್ಡಮ್ಮ. ಅಲ್ಲಿದ್ದಾಗ ನಿಂಗೆ ಸುಮ್ನೆ ಯಾಕೆ ನೋವು ಅಂತ..."

"ಡಬ್ಬ ಎಲ್ಲಿ?"

ತಂದುಕೊಟ್ಟೆ. ಅವಳು ಒಳಗೆ ನೋಡಿದಳು. ತಳದ ಮೇಲೆ ಬೆರಳಾಡಿಸಿದಳು. ಮೂಸಿದಳು.

"ತೊಳ್ದಿದೀಯ," ಎಂದಳು. "ರಾಸ್ಕೋ ಇದ್ದಾಗಿಂದ ಇದನ್ನ ಯಾರೂ ತೊಳ್ದಿರ್ಲಿಲ್ಲ."

ಅವಳು ಮತ್ತೆ ನೀರಿನ ಕಡೆ ನೋಡಿದಳು.

"ಲಾರಿಯೋರು ಹಿಡಿಯಕ್ಕೆ ಬಂದಿದ್ರೆ ಇವು ನಡುನೀರಿಗೆ ಹೋಗ್ತಿದ್ವು. ಕತ್ಲಾಗೋ ತನಕ ಆಟ ಆಡಿಸ್ತಿದ್ವು. ಅರ್ಧಕ್ಕರ್ಧ ತಪ್ಪಿಸ್ಕೊಂಡಿರೋವು. ಈಗ ನೋಡಿದ್ರೆ ಒಂದೂ ಇಲ್ಲ." ನನ್ನ ಕಡೆ ತಿರುಗಿದಳು. "ಕರೆದೋಳು ನೀನು."

"ಯಾವುದಕ್ಕೂ ಗಾಯ ಆಗ್ಲಿಲ್ಲ," ಎಂದೆ.

"ಜೋರಾಗಿ ಹೇಳು."

"ಯಾವುದಕ್ಕೂ ಗಾಯ ಆಗ್ಲಿಲ್ಲ ದೊಡ್ಡಮ್ಮ. ಒಂದಕ್ಕೂ."

"ಮುಂದಿನ ಸೀಟಿನೋಳು?"

ಅವಳೂ ಹೋದಳು ಎಂದು ತಲೆಯಾಡಿಸಿದೆ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಉತ್ತರ ಸಿದ್ಧವಿತ್ತು, ಮನಸ್ಸಿನಲ್ಲಿ ಎಷ್ಟೋ ಸಲ ತಿದ್ದಿ ಬರೆದಿಟ್ಟುಕೊಂಡಿದ್ದೆ. ಅವಳು ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಊರುಗೋಲು ತಿರುಗಿಸಿದಳು.

"ಇಳಿ ಮಾರ್ನಿ," ಎಂದಳು, ಬಸ್ಸಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಹಾಗೆಯೇ, ಸಿಟ್ಟಿಲ್ಲದೆ. "ನಿನ್ನ ಸ್ಟಾಪ್ ಬಂತು."

ಜುಲೈ 11

ಸಟ್ಫಿನ್ ಅವರ ದೋಣಿಮನೆಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಕೆರೆಯ ಆ ಕಡೆ. ಒಳ್ಳೆಯ ಬೆಳಕು ಬರುತ್ತದೆ.

ಜುಲೈ 28

ಕೆಲಸ ಬಹಳ. ಸುದ್ದಿಪತ್ರದ ಬೇಸಿಗೆ ಸಂಚಿಕೆ ನಮ್ಮ ಇತಿಹಾಸದಲ್ಲೇ ಅತ್ಯುತ್ತಮ ಎಂದು ಎಲ್ಲರೂ ಹೇಳುತ್ತಿದ್ದಾರೆ.

ದೊಡ್ಡಮ್ಮನ ಮೇಲೆ ಒಂದು ದೂರು ಬಂದಿದೆ. ಕೊಟ್ಟವರು ಹಾಲಿಸ್. ಅವಳು ಪ್ರತಿ ಬೆಳಿಗ್ಗೆ ಹಿತ್ತಿಲಿಗೆ ಇಳಿದು ಖಾಲಿ ನೀರಿಗೆ ಡಬ್ಬ ಅಲ್ಲಾಡಿಸುತ್ತಾಳೆ. ಕೂಗುವುದಿಲ್ಲವಂತೆ, ಬರೀ ಡಬ್ಬ. ನಿದ್ದೆ ಕೆಡುತ್ತದೆ ಎಂದು ಹಾಲಿಸ್ ಬರೆದಿದ್ದಾರೆ, ಅದನ್ನು ನೋಡಲಾಗುವುದಿಲ್ಲ ಎಂದೂ. ಎರಡನೆಯದು ನಿಯಮದಲ್ಲಿ ಬರುವುದಿಲ್ಲ. ಶಬ್ದ ಬರುತ್ತದೆ. ಬೇರೆ ಯಾರಾದರೂ ಬರೆಯಲಿ ಎಂದು ಸಟ್ಫಿನ್ ಹೇಳಿದರು. ನಾನೇ ಬರೆಯುತ್ತೇನೆ ಎಂದೆ. ಬೇರೆಯವರು ಬರೆದರೆ ಅವಳ ಮನಸ್ಸಿಗೆ ನೋವಾಗುವಂತೆ ಬರೆದಾರು.

ಮೊದಲ ವಾಕ್ಯ ಚೆನ್ನಾಗಿ ಬಂದಿದೆ: "ನೀರಿನ ಮೇಲೆ ಸದ್ದು ನಾವು ಎಣಿಸುವುದಕ್ಕಿಂತ ದೂರ ಸಾಗುತ್ತದೆ ಎಂಬುದನ್ನು ತಮ್ಮಂಥ ಹಿರಿಯ ಸದಸ್ಯರಿಗೆ ನೆನಪಿಸಲು ಸಂಕೋಚವಾಗುತ್ತದೆ."

ನಿಜವಾಗಿಯೂ ದೂರ ಸಾಗುತ್ತದೆ. ಈ ಕೋಣೆಗೂ ಕೇಳಿಸುತ್ತದೆ. ಇಂದು ಬೆಳಿಗ್ಗೆ ಆ ಸದ್ದು ಬಂದಾಗ ಇನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ. ಎಚ್ಚರವಾದಾಗ ಮೆಟ್ಟಿಲಿಳಿದು, ಬಾಗಿಲು ತೆರೆದು, ಬರಿಗಾಲಲ್ಲಿ ನೀರಿನ ಅಂಚಿನ ಗೋಡೆಯ ತನಕ ಬಂದು ನಿಂತಿದ್ದೆ. ಯಾಕೆ ಬಂದೆ ಎಂದು ಗೊತ್ತಾಗಲಿಲ್ಲ. ಕಾಲು ತಣ್ಣಗಾಗಿತ್ತು. ವಾಪಸು ಹೋಗಿ ಎರಡನೆಯ ವಾಕ್ಯ ಬರೆದೆ.